ಕಿಟಕಿಯ ಹಿಡಿಕೆ

ಮನೆಯೊಳಗಿನ ವಸ್ತುಗಳಲ್ಲಿ ಹಬ್ಬಹರಿದಿನಗಳಲ್ಲಿ ಮಾತ್ರ ಹೊರಗೆ ಬರತಕ್ಕವು ಕೆಲವು, ದಿನವೂ ಕೈಗೆ ಸಿಕ್ಕತಕ್ಕವು ಕೆಲವು. ಹಬ್ಬದ ಬೆಳ್ಳಿಯ ತಟ್ಟೆಯು ಎಲ್ಲಿ ನೆಗ್ಗಿದೆಯೆಂಬುದನ್ನು ಮನೆಯವರೆಲ್ಲರೂ ಬಲ್ಲರು. ದಿನಕ್ಕೆರಡು ಸಲ ತಿರುಗಿಸುವ ಕಿಟಕಿಯ ಹಿಡಿಕೆಯು ಎಷ್ಟು ಸವೆದಿದೆಯೆಂದು ಕೇಳಿದರೆ ಉತ್ತರ ಹೇಳುವವರು ವಿರಳ. ಸವೆತವೆಂಬುದು ಒಂದು ದಿನದಲ್ಲಿ ಆಗತಕ್ಕದ್ದಲ್ಲ. ಹಿಡಿಕೆಯು ಕೂದಲೆಳೆಯಷ್ಟು ಸವೆದರೆ ಕೈಯು ಕೂದಲೆಳೆಯಷ್ಟು ಹೆಚ್ಚಾಗಿ ಬಾಗಿಕೊಳ್ಳುತ್ತದೆ. ಹೀಗೆ ಹಿಡಿಕೆಯು ಸವೆಯುತ್ತ, ಕೈಯು ಬಾಗುತ್ತ ವರ್ಷಗಳು ಕಳೆದುಹೋಗುತ್ತವೆ. ಕಿಟಕಿಯು ಮಾತ್ರ ಎಂದಿನಂತೆ ತೆರೆಯುತ್ತಲೂ ಮುಚ್ಚುತ್ತಲೂ ಇರುವುದರಿಂದ ಯಾರಿಗೂ ಏನೂ ತೋರುವುದಿಲ್ಲ.

ತೀರ್ಥಹಳ್ಳಿಯ ಕಡೆಯ ಒಂದು ಮನೆಯಲ್ಲಿ ಈ ಸಂಗತಿಯು 2023ನೆಯ ಇಸವಿಯ ಜುಲೈ ತಿಂಗಳ ಒಂದು ರಾತ್ರಿ ಬೆಳಕಿಗೆ ಬಂದಿತು. ಮನೆಯ ಯಜಮಾನರು ಹೈಸ್ಕೂಲಿನಲ್ಲಿ ಮೂವತ್ತು ವರ್ಷಗಳಿಗೆ ಮೇಲ್ಪಟ್ಟು ಗಣಿತವನ್ನು ಕಲಿಸಿ ನಿವೃತ್ತರಾದವರು. ಊರಿನವರಿಗೆಲ್ಲ ಇಂದಿಗೂ ಮೇಷ್ಟರೇ. ಮನೆಯು ಅವರ ತಂದೆಯವರು ಕಟ್ಟಿಸಿದ್ದು. ಪಡುವಣ ಕೋಣೆಯ ಕಿಟಕಿಗೆ ಹೊರಗಡೆ ಕಬ್ಬಿಣದ ಸರಳುಗಳು. ಒಳಗಡೆಗೆ ತೆರೆಯುವ ಸಾಗುವಾನಿಯ ಒಂಟಿ ಕದ. ಆ ಕದಕ್ಕೆ ಹಿತ್ತಾಳೆಯ ಒಂದು ತಿರುಗುವ ಹಿಡಿಕೆ. ಹಿಡಿಕೆಯನ್ನು ಕೆಳಕ್ಕೆ ತಿರುಗಿಸಿದರೆ ಅದರ ಕೊಕ್ಕು ಚೌಕಟ್ಟಿನ ಮೇಲಿನ ಹಿತ್ತಾಳೆಯ ಪಟ್ಟಿಯ ಸಂದಿನೊಳಗೆ ಸೇರಿ ಕದವನ್ನು ಬಿಗಿದು ನಿಲ್ಲಿಸಬೇಕು. ಕಿಟಕಿಯ ಪಕ್ಕದಲ್ಲಿಯೇ ಮೇಷ್ಟರ ಮೇಜು. ಮೇಜಿನ ತುಂಬ ಪುಸ್ತಕಗಳು.

ಆ ತಿಂಗಳು ಅವರ ಹೆಂಡತಿಯವರು ಮಗಳ ಬಾಣಂತನಕ್ಕಾಗಿ ಬೆಂಗಳೂರಿಗೆ ಹೋಗಿದ್ದರು. ಒಂದು ವಾರದವರೆಗೂ ಕಿಟಕಿಯು ಮುಚ್ಚಿಯೇ ಇತ್ತು. ಒಂದು ಸಂಜೆ ಮಳೆ ಹೊಳವಾಯಿತೆಂದು ಮೇಷ್ಟರು ಕದವನ್ನು ತೆರೆದರು. ತೆರೆಯುವುದಕ್ಕೆ ಏನೂ ಕಷ್ಟವಾಗಲಿಲ್ಲ. ರಾತ್ರಿ ಒಂಬತ್ತರ ಸುಮಾರಿಗೆ ಗಾಳಿಮಳೆ ಬಂದಿತು. ಮುಚ್ಚಲು ಹೋದರೆ ಹಿಡಿಕೆಯೇನೋ ತಿರುಗಿತು, ಕೊಕ್ಕು ಮಾತ್ರ ಸಂದಿಗೆ ಸೇರಲೊಲ್ಲದು. ಕೈ ಬಿಟ್ಟೊಡನೆಯೇ ಗಾಳಿಯು ಕದವನ್ನು ಒಳಕ್ಕೆ ತಳ್ಳಿ ಬಿಡುತ್ತಿತ್ತು. ಎರಡು ಮೂರು ಸಲ ಹೀಗಾದ ಮೇಲೆ ಅವರು ಒಂದು ಕೈಯಿಂದ ಕದವನ್ನು ಒತ್ತಿ ಹಿಡಿದು, ಇನ್ನೊಂದು ಕೈಯಿಂದ ಬೆಂಗಳೂರಿಗೆ ಫೋನು ಮಾಡಿದರು.

“ಅದೇನೂ ದೊಡ್ಡ ವಿದ್ಯೆಯಲ್ಲ” ಎಂದರು ಹೆಂಡತಿಯವರು. “ಮೊದಲು ಕದವನ್ನು ಸ್ವಲ್ಪ ಮೇಲಕ್ಕೆ ಎತ್ತಿಕೊಳ್ಳಿ. ಹಾಗೆಯೇ ಬಲಭುಜವನ್ನು ಕದಕ್ಕೆ ಕೊಟ್ಟು ಒತ್ತಿ. ಹಿಡಿಕೆಯನ್ನು ಒಂದು ಸಲ ಪೂರ್ತಿ ಮೇಲಕ್ಕೆ ತಿರುಗಿಸಿ, ನಿಮ್ಮ ಕಡೆಗೆ ಎಳೆದುಕೊಂಡು, ಆ ಮೇಲೆ ಕೆಳಕ್ಕೆ ತನ್ನಿ. ಟಕ್ಕೆಂದರೆ ಕೂತಿತು. ಕೂರದೆ ಹೋದರೆ ಸರಳಿಗೆ ಗೋಣಿದಾರ ಕಟ್ಟಿದ್ದೇನೆ. ಅದನ್ನು ಹಿಡಿಕೆಗೆ ಸುತ್ತಿಬಿಡಿ.”

ಮೇಷ್ಟರು ಹೇಳಿದಂತೆ ಮಾಡಿದರು. ಟಕ್ಕೆನ್ನಲಿಲ್ಲ. ಗೋಣಿದಾರವನ್ನೇ ಸುತ್ತಬೇಕಾಯಿತು. ಆ ದಾರವು ಅಲ್ಲಿರುವುದನ್ನು ಅವರು ಅದುವರೆಗೆ ನೋಡಿರಲೇ ಇಲ್ಲ.

“ಎಷ್ಟು ದಿನದಿಂದ ಹೀಗಿದೆ?”

“ದಿನವೆಲ್ಲಿ ಬಂತು? ಅತ್ತೆಯವರು ಹೋದ ವರ್ಷವೂ ಹೀಗೆಯೇ ಇತ್ತು.”

ಅತ್ತೆಯವರು ತೀರಿಕೊಂಡದ್ದು 2009ರಲ್ಲಿ. ಮೇಷ್ಟರು ಗಣಿತದವರು, ಲೆಕ್ಕ ಬೇಡವೆಂದರೂ ಅದು ತಾನಾಗಿಯೇ ಆಗಿಹೋಗುತ್ತದೆ. ಹದಿನಾಲ್ಕು ವರ್ಷ, ದಿನಕ್ಕೆ ಎರಡು ಸಲ: ಹತ್ತು ಸಾವಿರಕ್ಕೆ ಮೇಲಾಯಿತು. ಹೆಂಡತಿಯವರು ಪ್ರತಿ ಚಳಿಗಾಲವೂ ಬಲಭುಜಕ್ಕೆ ನೋವಿನ ಎಣ್ಣೆಯನ್ನು ಹಚ್ಚಿಕೊಳ್ಳುತ್ತಿದ್ದುದೂ, ಆ ಎಣ್ಣೆಯನ್ನು ಅಂಗಡಿಯಿಂದ ತಾವೇ ತಂದುಕೊಡುತ್ತಿದ್ದುದೂ ಅವರ ನೆನಪಿಗೆ ಬಂದಿತು. ಆ ಭುಜಕ್ಕೂ ಈ ಕಿಟಕಿಗೂ ಸಂಬಂಧವುಂಟೋ ಇಲ್ಲವೋ ಎಂಬುದು ವೈದ್ಯರು ಹೇಳಬೇಕಾದ ಮಾತು. ಆದರೂ ಆ ರಾತ್ರಿ ಮೇಷ್ಟರಿಗೆ ಬಹಳ ಹೊತ್ತಿನವರೆಗೆ ನಿದ್ರೆ ಬರಲಿಲ್ಲ.

ಮರುದಿನ ಆಚಾರಿಯು ಬಂದನು. ಹಿಡಿಕೆಯನ್ನು ಬದಲಾಯಿಸಬೇಕೆಂದು ಮೇಷ್ಟರು ಹೇಳಿದರೂ ಅವನು ಹಿಡಿಕೆಯ ಕಡೆಗೆ ನೋಡಲಿಲ್ಲ. ಕದವನ್ನು ಅರ್ಧ ತೆರೆದು, ಅದರ ತುದಿಯನ್ನು ಕೆಳಗಿನಿಂದ ಮೆಲ್ಲನೆ ಎತ್ತಿದನು. ಕದವು ಎದ್ದಿತು, ಅದರೊಡನೆ ಮೇಲಿನ ಕೀಲಿನ ಸ್ಕ್ರೂಗಳೂ ಅಲುಗಾಡಿದುವು.

“ಕೀಲು ಜಗ್ಗಿದೆ, ಮೇಷ್ಟ್ರೇ. ಇದಕ್ಕೆ ಹೊಸ ಹಿಡಿಕೆ ಹಾಕಿದರೆ, ಕಾಲು ಮುರಿದವನಿಗೆ ಹೊಸ ಚಪ್ಪಲಿ ಹೊಲಿಸಿದ ಹಾಗೆ” ಎಂದನು.

ಅವನ ಮಾತು ದಿಟವಾದುದು. ಹಿಡಿಕೆಯು ಕೂರದಿರುವುದಕ್ಕೆ ಹಿಡಿಕೆಯೇ ಕಾರಣವೆಂದು ಬಗೆಯುವುದು ಸಾಮಾನ್ಯವಾಗಿ ಎಲ್ಲರೂ ಮಾಡುವ ತಪ್ಪು. ಮೊದಲು ಕೀಲನ್ನು ನೋಡಬೇಕು, ಎರಡನೆಯದಾಗಿ ಮರವನ್ನು, ಕೊನೆಗೆ ಹಿಡಿಕೆಯನ್ನು. ಮಲೆನಾಡಿನ ಮಳೆಗಾಲದಲ್ಲಿ ಮರವು ತೇವವನ್ನು ಹೀರಿ ಅಡ್ಡಗಲಕ್ಕೆ ಉಬ್ಬುತ್ತದೆ. ಉದ್ದಕ್ಕೆ ಉಬ್ಬುವುದು ಅತ್ಯಲ್ಪ. ಬಿಗಿಯಾಯಿತೆಂದು ಆಷಾಢದಲ್ಲಿ ಉಜ್ಜುಗೊರಡು ಹಿಡಿದರೆ, ಅದೇ ಕದವು ಬೇಸಗೆಯಲ್ಲಿ ಒಣಗಿ ಬೆರಳು ತೂರುವಷ್ಟು ಸಂದು ಬಿಡುವುದು. ಆದುದರಿಂದ ಮರವನ್ನು ಕೆತ್ತುವ ಕೆಲಸವನ್ನು ಒಣ ದಿನಗಳಿಗೆ ಇಟ್ಟುಕೊಳ್ಳುವುದು ಲೇಸು. ಈ ಕದವಾದರೋ ಕೆಳಗಡೆ ಉಜ್ಜುತ್ತಿದ್ದುದು ಉಬ್ಬಿದುದರಿಂದಲ್ಲ, ಜೋತುಬಿದ್ದುದರಿಂದ. ಕೀಲಿನ ಸ್ಕ್ರೂಗಳ ತೂತುಗಳು ಅಗಲವಾಗಿದ್ದುವು. ಆಚಾರಿಯು ಸಾಗುವಾನಿಯ ಸಣ್ಣ ಬೆಣೆಗಳನ್ನು ಕೆತ್ತಿ, ಗೋಂದು ಸವರಿ, ತೂತುಗಳಲ್ಲಿ ಬಡಿದು, ಒಂದು ರಾತ್ರಿ ಒಣಗಲು ಬಿಟ್ಟನು. ಮಾರನೆಯ ದಿನ ಹೊಸದಾಗಿ ತೂತು ಕೊರೆದು ಕೀಲನ್ನು ಬಿಗಿಮಾಡಿದೊಡನೆ ಕದವು ತನ್ನ ಸ್ಥಾನಕ್ಕೆ ಬಂದಿತು.

ಆ ಮೇಲೆ ಹಿಡಿಕೆಯ ಸರದಿ. ಹಿಡಿಕೆಯಲ್ಲಿ ಕಾಣುವ ದೋಷಗಳೆಲ್ಲವೂ ಅದನ್ನು ಎಸೆಯುವುದಕ್ಕೆ ಕಾರಣವಾಗಲಾರವು. ಹಿತ್ತಾಳೆಯ ಮೇಲೆ ಹಸುರು ಕಿಲುಬು ಕಟ್ಟಿದ್ದರೆ ಹುಣಸೆಹಣ್ಣು ಸಾಕು. ತಿರುಗಿಸಲು ಬಿಗಿಯಾಗಿದ್ದರೆ ಹೊಲಿಗೆಯ ಯಂತ್ರದ ಎಣ್ಣೆ ಒಂದೆರಡು ತೊಟ್ಟು ಸಾಕು. ಕೊಬ್ಬರಿಯೆಣ್ಣೆಯು ಚಳಿಗೆ ಹೆಪ್ಪುಗಟ್ಟುವುದರಿಂದ ಈ ಕೆಲಸಕ್ಕೆ ಆಗದು. ಸ್ಕ್ರೂ ಸಡಿಲವಾಗಿದ್ದರೆ ಬಿಗಿಮಾಡಿ ನೋಡಬೇಕು. ತಿಂಗಳೊಳಗೆ ಅದೇ ಸ್ಕ್ರೂ ಮತ್ತೆ ಸಡಿಲವಾದರೆ ಸವೆದಿರುವುದು ಮರದ ತೂತೇ ಹೊರತು ಹಿಡಿಕೆಯಲ್ಲ. ಆದರೆ ಹಿಡಿಕೆಯು ತಿರುಗುವ ಗೂಟದ ಸುತ್ತ ತೂತು ಮೊಟ್ಟೆಯಾಕಾರಕ್ಕೆ ಸವೆದು ಮೇಲಕ್ಕೂ ಕೆಳಕ್ಕೂ ತೂಗಾಡುತ್ತಿದ್ದರೆ, ಕೊಕ್ಕು ತೆಳ್ಳಗಾಗಿದ್ದರೆ, ಎಲ್ಲಿಯಾದರೂ ಬಿರುಕು ಬಿಟ್ಟಿದ್ದರೆ, ಅದರ ಆಯುಸ್ಸು ಮುಗಿಯಿತೆಂದೇ ತಿಳಿಯಬೇಕು. ಈ ಮನೆಯ ಹಿಡಿಕೆಯ ಕೊಕ್ಕು ಒಂದು ಕಡೆ ಚಾಕುವಿನ ಅಲಗಿನಂತಾಗಿತ್ತು. ಅದು ಕೂರುವ ಪಟ್ಟಿಯಲ್ಲಿಯೂ ಅಷ್ಟೇ ಆಳದ ಗೀರು ಬಿದ್ದಿತ್ತು. ಒಟ್ಟಿಗೆ ಸವೆದವುಗಳನ್ನು ಒಟ್ಟಿಗೇ ಬದಲಾಯಿಸಬೇಕು. ಹೊಸ ಕೊಕ್ಕನ್ನು ಹಳೆಯ ಪಟ್ಟಿಗೆ ಜೋಡಿಸುವುದು ವ್ಯರ್ಥ.

ಪೇಟೆಗೆ ಹೋಗುವ ಮುನ್ನ ಮೇಷ್ಟರು ಹಳೆಯ ಹಿಡಿಕೆಯನ್ನು ಬಿಚ್ಚಿ, ಸ್ಕ್ರೂ ತೂತುಗಳ ನಡುವಿನ ದೂರ, ಕೊಕ್ಕಿನ ಉದ್ದ, ಕದದ ದಪ್ಪ, ಅದು ಎಡಗಡೆಗೆ ಸೇರತಕ್ಕದ್ದೋ ಬಲಗಡೆಗೋ ಎಂಬುದು, ಇವುಗಳನ್ನು ಚೀಟಿಯಲ್ಲಿ ಬರೆದುಕೊಂಡು, ಹಿಡಿಕೆಯನ್ನೂ ಜೇಬಿನಲ್ಲಿ ಹಾಕಿಕೊಂಡರು. ಅಂಗಡಿಯಲ್ಲಿ ಒಂದೇ ರೂಪದ ಎರಡು ಹಿಡಿಕೆಗಳನ್ನು ತೋರಿಸಿದರು. ಎರಡೂ ಹಳದಿ, ಎರಡಕ್ಕೂ ಅಯಸ್ಕಾಂತ ಅಂಟಲಿಲ್ಲ. ಆದರೆ ಒಂದು ಹಗುರ. ಅದರ ಬೆನ್ನನ್ನು ಕೆರೆದು ನೋಡಿದರೆ ಒಳಗೆ ಬೂದುಬಣ್ಣ: ಸತುವಿನ ಮಿಶ್ರಲೋಹಕ್ಕೆ ಹಳದಿಯ ಲೇಪ. ಇನ್ನೊಂದು ಎಷ್ಟು ಕೆರೆದರೂ ಹಳದಿಯೇ. ಮೇಷ್ಟರು ಅದನ್ನೇ ಕೊಂಡರು, ಹಿತ್ತಾಳೆಯ ಸ್ಕ್ರೂಗಳೊಂದಿಗೆ. ಹಿತ್ತಾಳೆಗೆ ಕಬ್ಬಿಣದ ಸ್ಕ್ರೂ ಸೇರಿದರೆ ತೇವದಲ್ಲಿ ಕಬ್ಬಿಣವು ಬೇಗನೆ ತುಕ್ಕು ಹಿಡಿಯುತ್ತದೆ.

ಹೊಸ ಹಿಡಿಕೆಯ ತೂತುಗಳು ಹಳೆಯವುಗಳಿಗಿಂತ 3 ಮಿಲಿಮೀಟರು ಹತ್ತಿರವಾಗಿದ್ದುವು. ಇಷ್ಟು ಅಲ್ಪವಾದ ಅಂತರವೇ ಹೆಚ್ಚು ತೊಂದರೆಯದು; ಹೊಸದಾಗಿ ಕೊರೆಯುವ ಮೊನೆಯು ಹಳೆಯ ತೂತಿಗೇ ಜಾರಿಬಿಡುತ್ತದೆ. ಆದುದರಿಂದ ಇಲ್ಲಿಯೂ ಬೆಣೆ, ಗೋಂದು, ಒಂದು ರಾತ್ರಿಯ ವಿರಾಮ. ಹಿತ್ತಾಳೆಯ ಸ್ಕ್ರೂ ಮೃದುವಾದುದು. ಗಟ್ಟಿಮರಕ್ಕೆ ನೇರವಾಗಿ ತಿರುಪಿದರೆ ತಲೆ ಮುರಿಯುತ್ತದೆ. ಆಚಾರಿಯು ಮೊದಲು ಅದೇ ಅಳತೆಯ ಉಕ್ಕಿನ ಸ್ಕ್ರೂವನ್ನು ತಿರುಪಿ ದಾರಿ ಮಾಡಿ, ಅದನ್ನು ತೆಗೆದು, ಹಿತ್ತಾಳೆಯದಕ್ಕೆ ಮೇಣದ ಬತ್ತಿಯನ್ನು ಸವರಿ ಕೂರಿಸಿದನು. ಮೊದಲು ಹಿಡಿಕೆ, ಕದವನ್ನು ಮುಚ್ಚಿ ಕೊಕ್ಕು ಎಲ್ಲಿಗೆ ಬರುವುದೆಂದು ಗುರುತು ಮಾಡಿಕೊಂಡ ಮೇಲೆ ಪಟ್ಟಿ. ಈ ಕ್ರಮವು ಹಿಂದುಮುಂದಾದರೆ ಶ್ರಮವೆಲ್ಲ ವ್ಯರ್ಥವಾಗುತ್ತದೆ.

ಈ ವೃತ್ತಾಂತವನ್ನು ಫೋನಿನಲ್ಲಿ ಕೇಳಿದ ಅಳಿಯಂದಿರು ತಮ್ಮ ಮನೆಯ ಪ್ಲಾಸ್ಟಿಕ್ ಚೌಕಟ್ಟಿನ ಕಿಟಕಿಗಳ ವಿಷಯವನ್ನು ಹೇಳಿದರು. ಅಂಥ ಕಿಟಕಿಗಳಲ್ಲಿ ಹಿಡಿಕೆಯ ಬುಡದ ಮುಚ್ಚಳವನ್ನು ಪಕ್ಕಕ್ಕೆ ತಿರುಗಿಸಿದರೆ ಎರಡು ಸ್ಕ್ರೂಗಳು ಕಾಣುತ್ತವೆ. ಅವುಗಳ ನಡುವಣ ಅಂತರವು ಸಾಮಾನ್ಯವಾಗಿ 43 ಮಿಲಿಮೀಟರು. ಒಳಕ್ಕೆ ಹೋಗುವ ಚೌಕದ ಕಡ್ಡಿಯ ದಪ್ಪ 7 ಮಿಲಿಮೀಟರು. ಕಡ್ಡಿಯ ಉದ್ದವನ್ನು ಮಾತ್ರ ಅಳೆದೇ ತರಬೇಕು. ಹಿಡಿಕೆಯನ್ನು ತೆಗೆದ ಮೇಲೂ ಒಳಗಿನ ಬೀಗದ ಯಂತ್ರವು ಬಿಗಿಯಾಗಿದ್ದರೆ ದೋಷವು ಅಲ್ಲಿಯದೆಂದು ತಿಳಿಯಬೇಕು. ಅಲ್ಲಿಯೂ ಆಚಾರಿಯ ಮಾತೇ ನಿಜವಾಯಿತೆಂದು ಮೇಷ್ಟರು ನಕ್ಕರು.

ಸೆಪ್ಟೆಂಬರಿನಲ್ಲಿ ಹೆಂಡತಿಯವರು ಹಿಂದಿರುಗಿದರು. ಮೇಷ್ಟರು ಹೊಸ ಹಿಡಿಕೆಯ ಮಾತನ್ನು ಬೇಕೆಂದೇ ಎತ್ತಲಿಲ್ಲ. ಸಂಜೆ ದೀಪ ಹಚ್ಚುವ ಹೊತ್ತಿಗೆ ಅವರು ಎಂದಿನಂತೆ ಪಡುವಣ ಕೋಣೆಗೆ ಹೋದರು, ಎಂದಿನಂತೆ ಕದವನ್ನು ಎತ್ತಲು ಹೋದರು, ಭುಜವನ್ನು ಕೊಟ್ಟರು. ಕದವು ಏಳಲಿಲ್ಲ, ಸದ್ದಿಲ್ಲದೆ ಚೌಕಟ್ಟಿನೊಳಗೆ ಕೂತಿತು. ಹಿಡಿಕೆಯು ಎರಡು ಬೆರಳಿಗೇ ತಿರುಗಿತು. ಅವರು ಅದನ್ನು ತೆರೆದರು, ಮತ್ತೆ ಮುಚ್ಚಿದರು. ಸರಳಿನಲ್ಲಿ ಗೋಣಿದಾರವಿರಲಿಲ್ಲ.

“ಇಷ್ಟೇಯೇ?” ಎಂದರು.

ಮೇಷ್ಟರು ಈ ಮಾತಿಗೆ ಉತ್ತರವನ್ನು ಯೋಚಿಸಿಕೊಂಡಿರಲಿಲ್ಲ. ಒಳಗೆ ಹೋಗಿ ಲೆಕ್ಕದ ಪುಸ್ತಕವನ್ನೂ ಪೆನ್ಸಿಲನ್ನೂ ತಂದು ಮೇಜಿನ ಮುಂದೆ ಕುಳಿತರು.

“ಈ ಮನೆಯಲ್ಲಿ ನಿನ್ನ ಕೈಗೆ ಮಾತ್ರ ಬಗ್ಗುವಂಥವು ಇನ್ನೇನೇನಿವೆ, ಹೇಳು.”

ಹೆಂಡತಿಯವರು ಮೊದಲು ನಕ್ಕುಬಿಟ್ಟರು, ಅಂಥದೇನೂ ಇಲ್ಲವೆಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, ಬಚ್ಚಲಮನೆಯ ಚಿಲಕ ಎಂದರು. ಆ ಮೇಲೆ ಅಟ್ಟದ ಬಾಗಿಲು. ಅಡಿಗೆಮನೆಯ ನಲ್ಲಿ. ಬಾವಿಯ ರಾಟೆ. ಬೀರುವಿನ ಕೆಳಗಿನ ಖಾನೆ. ಮೇಷ್ಟರು ಒಂದೊಂದಕ್ಕೂ ಕ್ರಮಸಂಖ್ಯೆ ಹಾಕಿ ಬರೆದುಕೊಳ್ಳುತ್ತ ಹೋದರು. ಹನ್ನೊಂದಕ್ಕೆ ಪುಟವು ಮುಗಿಯಿತು. ಅವರು ಪುಟವನ್ನು ಮಗುಚಿ, ಮುಂದೆ ಹೇಳೆಂದರು.