ಏಣಿ ಇರುವ ಆಟ, ಏಣಿ ಇಲ್ಲದ ಆಟ

ಅಮೆರಿಕದ ಬೇಸ್‌ಬಾಲ್ ಮೈದಾನದಲ್ಲಿ ಪ್ರೇಕ್ಷಕರು ಮದುವೆಮನೆಯ ಬೀಗರಿದ್ದಂತೆ. ಅವರಿಗೆ ಯಾವುದಕ್ಕೂ ಕೊರತೆಯಾಗಬಾರದು. ಕೂತಲ್ಲಿಗೇ ಬಿಯರ್ ಬರುತ್ತದೆ, ಹಾಟ್‌ಡಾಗ್ ಬರುತ್ತದೆ. ಯಾವಾಗ ಚಪ್ಪಾಳೆ ತಟ್ಟಬೇಕೆಂದು ದೊಡ್ಡ ಪರದೆಯೇ ಹೇಳಿಕೊಡುತ್ತದೆ. ಏಳನೆಯ ಇನಿಂಗ್ಸಿನ ನಡುವೆ ಎಲ್ಲರೂ ಎದ್ದು ಮೈಮುರಿದು ಒಟ್ಟಿಗೆ ಹಾಡುತ್ತಾರೆ. ಎದುರಾಳಿ ತಂಡದ ಅಂಗಿ ತೊಟ್ಟವರೂ ಪಕ್ಕದಲ್ಲೇ ಕೂತಿರುತ್ತಾರೆ. ಪಿಎಚ್.ಡಿ.ಗೆಂದು ಕ್ಯಾಲಿಫೋರ್ನಿಯಾಕ್ಕೆ ಬಂದ ಹೊಸದರಲ್ಲಿ ಓಕ್‌ಲ್ಯಾಂಡಿನ ಕೊಲಿಸಿಯಂಗೆ ಹೋಗಿದ್ದೆ. ಕ್ರಿಕೆಟ್ ಬಲ್ಲ ನನಗೆ ಆಟದ ತಲೆಬುಡ ಹತ್ತಲಿಲ್ಲ. ಪಕ್ಕದಲ್ಲಿದ್ದ ಅಜ್ಜ ಎಸೆತ ಎಸೆತಕ್ಕೂ ಪುಸ್ತಕದಲ್ಲಿ ಗುರುತು ಹಾಕಿಕೊಳ್ಳುತ್ತ, ಬಿಡುವಿನಲ್ಲಿ ನನಗೆ ನಿಯಮ ಹೇಳಿಕೊಟ್ಟರು. ಆ ಆಟದಲ್ಲಿ ಮಾತಿಗೆ ಅಷ್ಟು ಜಾಗವಿದೆ.

ಇಂಗ್ಲೆಂಡಿನ ಫುಟ್‌ಬಾಲಿನಲ್ಲಿ ಆ ಜಾಗವಿಲ್ಲ. 45 ನಿಮಿಷ ಗಡಿಯಾರ ನಿಲ್ಲುವುದಿಲ್ಲ. ಮೈದಾನ ಕಾಣುವಲ್ಲಿ ಕೂತು ಕುಡಿಯುವುದನ್ನು 1985ರ ಕಾನೂನು ತಡೆದಿದೆ. ಎದುರಾಳಿಯ ಬೆಂಬಲಿಗರಿಗೆ ಬೇರೆ ಬಾಗಿಲು, ಬೇರೆ ಮೂಲೆ. ಹಾಡುಗಳನ್ನು ಜನರೇ ಕಟ್ಟಿ, ಜನರೇ ಎತ್ತಿಕೊಳ್ಳುತ್ತಾರೆ. ಗ್ರಂಥಾಲಯದ ಕೆಲಸಕ್ಕೆ ಲಂಡನ್ನಿಗೆ ಹೋಗಿದ್ದಾಗ ಪ್ಲೌ ಲೇನ್‌ನಲ್ಲಿ ಎಎಫ್‌ಸಿ ವಿಂಬಲ್ಡನ್ ಆಡಿದ ಪಂದ್ಯ ನೋಡಿದೆ. ಒಂದು ಗೋಲೂ ಬರಲಿಲ್ಲ. ಆದರೂ ಸುತ್ತಲಿನವರು ಕೊನೆಯ ಹತ್ತು ನಿಮಿಷ ಕೂರಲೇ ಇಲ್ಲ. ಡ್ರಾ ಆದರೆ ಒಂದು ಅಂಕ. ಆ ಒಂದು ಅಂಕ ತಪ್ಪಿದರೆ ವರ್ಷದ ಕೊನೆಗೆ ಕೆಳಗಿನ ದರ್ಜೆಗೆ ಬೀಳಬಹುದು.

ಅಮೆರಿಕದವರಿಗೆ ಆಟ ಬರೀ ಮೋಜು, ಇಂಗ್ಲಿಷರಿಗೆ ಅದು ಜೀವನ ಎಂದು ಹೇಳುವವರಿದ್ದಾರೆ. ನಾನು ಒಪ್ಪುವುದಿಲ್ಲ. ಓಕ್‌ಲ್ಯಾಂಡಿನ ಅಥ್ಲೆಟಿಕ್ಸ್ ತಂಡ 1968ರಿಂದ ಅಲ್ಲೇ ಆಡುತ್ತಿತ್ತು. ಆ ಅಜ್ಜ ಹುಡುಗನಾಗಿದ್ದಾಗಿನಿಂದ ಬರುತ್ತಿದ್ದರಂತೆ. ಮಾಲೀಕರು ತಂಡವನ್ನು ಲಾಸ್ ವೇಗಸ್‌ಗೆ ಒಯ್ಯಲು ಹೊರಟಾಗ, 2023ರ ಜೂನ್ 13ರಂದು, ಸಾಮಾನ್ಯವಾಗಿ ಖಾಲಿ ಹೊಡೆಯುತ್ತಿದ್ದ ಮೈದಾನಕ್ಕೆ 27 ಸಾವಿರಕ್ಕೂ ಹೆಚ್ಚು ಜನ ಬಂದು 'ತಂಡ ಮಾರಿಬಿಡು' ಎಂದು ಕೂಗಿದರು. ಏನೂ ಆಗಲಿಲ್ಲ. 2024ರ ಸೆಪ್ಟೆಂಬರಿನಲ್ಲಿ ಅಲ್ಲಿ ಕೊನೆಯ ಪಂದ್ಯ ಆಡಿ ತಂಡ ಊರು ಬಿಟ್ಟಿತು.

ವಿಂಬಲ್ಡನ್ನಿಗೂ ಇದೇ ಗತಿಯಾಗಿತ್ತು. 1988ರಲ್ಲಿ ಎಫ್‌ಎ ಕಪ್ ಗೆದ್ದಿದ್ದ ಕ್ಲಬ್ಬನ್ನು ಸುಮಾರು 90 ಕಿ.ಮೀ. ದೂರದ ಮಿಲ್ಟನ್ ಕೀನ್ಸ್‌ಗೆ ಸಾಗಿಸಲು 2002ರಲ್ಲಿ ಅನುಮತಿ ಸಿಕ್ಕಿತು. ಅಭಿಮಾನಿಗಳು ತಾವೇ ಹೊಸ ಕ್ಲಬ್ ಕಟ್ಟಿ, ಊರ ಬಯಲಿನಲ್ಲಿ ಆಟಗಾರರನ್ನು ಆರಿಸಿ, ತೀರ ಕೆಳಗಿನ ದರ್ಜೆಯಿಂದ ಶುರುಮಾಡಿದರು. ಒಂಬತ್ತು ಋತುಗಳಲ್ಲಿ ಐದು ಬಡ್ತಿ ಪಡೆದು 2011ರಲ್ಲಿ ಫುಟ್‌ಬಾಲ್ ಲೀಗ್ ಸೇರಿದರು. 2020ರಲ್ಲಿ ತಮ್ಮ ಹಳೆಯ ಮೈದಾನದ ಹತ್ತಿರಕ್ಕೇ ಮರಳಿದರು.

ಓಕ್‌ಲ್ಯಾಂಡಿನವರೂ ಸುಮ್ಮನೆ ಕೂರಲಿಲ್ಲ. ಅಲ್ಲಿ ಬಾಲರ್ಸ್ ಎಂಬ ಹೊಸ ತಂಡ 2024ರಿಂದ ಪಯನೀರ್ ಲೀಗ್‌ನಲ್ಲಿ ಆಡುತ್ತಿದೆ. ಆದರೆ ಅದು ಎಷ್ಟೇ ಗೆದ್ದರೂ ಮೇಜರ್ ಲೀಗ್‌ಗೆ ಏರಲಾರದು. ಅಲ್ಲಿರುವ 30 ತಂಡಗಳು ಎಷ್ಟೇ ಸೋತರೂ ಕೆಳಗೆ ಬೀಳುವುದಿಲ್ಲ, ಹೊರಗಿನವರು ಗೆದ್ದು ಒಳಗೆ ಬರುವಂತೆಯೂ ಇಲ್ಲ. ಪ್ರೀತಿಯಲ್ಲಿ ಈ ಎರಡು ಊರುಗಳಿಗೆ ವ್ಯತ್ಯಾಸವಿಲ್ಲ. ಒಂದು ಕಡೆ ಏಣಿ ಇದೆ, ಇನ್ನೊಂದು ಕಡೆ ಇಲ್ಲ, ಅಷ್ಟೇ.

ಆ ಏಣಿಯ ಬೆಲೆ ಇಂಗ್ಲಿಷ್ ಪ್ರೇಕ್ಷಕರಿಗೆ ಗೊತ್ತು. 2021ರ ಏಪ್ರಿಲ್‌ನಲ್ಲಿ ಅಲ್ಲಿನ ಆರು ದೊಡ್ಡ ಕ್ಲಬ್ಬುಗಳು ಎಂದೂ ಕೆಳಗೆ ಬೀಳದಂಥ ಸೂಪರ್ ಲೀಗ್ ಸೇರಲು ಹೊರಟವು. ಅವುಗಳಲ್ಲಿ ಮೂರರ ಮಾಲೀಕರು ಅಮೆರಿಕದವರು. ಆ ಕ್ಲಬ್ಬುಗಳ ಅಭಿಮಾನಿಗಳೇ ಬೀದಿಗಿಳಿದರು. ಎರಡು ದಿನದಲ್ಲಿ ಆರೂ ಕ್ಲಬ್ಬುಗಳು ಹಿಂದೆ ಸರಿದವು. ತಮ್ಮ ತಂಡ ಎಂದೂ ಬೀಳಬಾರದೆಂದು ವಾರವಾರ ಹರಕೆ ಹೊರುವ ಜನ, ಬೀಳುವ ಸಾಧ್ಯತೆಯನ್ನು ಮಾತ್ರ ಬಿಟ್ಟುಕೊಡಲು ಒಪ್ಪಲಿಲ್ಲ.