ಬೆಳಗಲಿಯ ಪಂಜಾ

ಮುಧೋಳ ಬಿಟ್ಟು ರನ್ನ ಬೆಳಗಲಿಯ ಹಾದಿ ಹಿಡಿದರೆ ಎರಡೂ ಬದಿಗೆ ಕಬ್ಬು. ಇಲ್ಲಿಗೆ ಬರುವ ಹೊರಗಿನವರು ಸಾಮಾನ್ಯವಾಗಿ 949ರಲ್ಲಿ ಹುಟ್ಟಿದ ಕವಿ ರನ್ನನ ಗುರುತು ಹುಡುಕುತ್ತಾರೆ. ನಾನು ಬಂದದ್ದು ಮೊಹರಂ ಹೊತ್ತಿಗೆ, ಪಂಜಾ ನೋಡಲು.

ಚಂದ್ರ ಕಂಡ ಮೇಲೆ, ಬೆಂಕಿ ಹೊತ್ತಿಸುವ ಅಲಾಯಿ ಕುಣಿಗೆ ಗುದ್ದಲಿ ಹಾಕಿ, ಪೆಟ್ಟಿಗೆಯಲ್ಲಿದ್ದ ಪಂಜಾಗಳನ್ನು ತೊಳೆದು, ಜರಿ ಬಟ್ಟೆ ಸುತ್ತಿ ಕೂರಿಸುವುದು ಈ ಸೀಮೆಯ ರೂಢಿ. ಲೋಹದ ಅಂಗೈ, ಐದು ಬೆರಳು. ನಾನು ನಿಂತಿದ್ದಾಗ ಹಣೆತುಂಬ ವಿಭೂತಿ ಹಚ್ಚಿದ ಅಜ್ಜಿಯೊಬ್ಬರು ಮೊಮ್ಮಗನನ್ನು ಎತ್ತಿಕೊಂಡು ಸಕ್ಕರೆ ಓದಿಸಲು ಬಂದರು. ಮುಲ್ಲಾ ಓದಿ, ಕೂಸಿನ ಕೊರಳಿಗೆ ಕೆಂಪು ಲಾಡಿ ಹಾಕಿದರು.

“ಈ ಕೈ ಯಾರದ್ರಿ, ಯವ್ವಾ?”

“ದೇವರದಪಾ. ಹ್ವಾದ ವರ್ಷ ಬೇಡಕೊಂಡಿದ್ದೆ, ಕೂಸಿಗೆ ಆರಾಮಾತು.”

ಪ್ರವಾದಿ, ಅಲಿ, ಫಾತಿಮಾ, ಹಸನ್, ಹುಸೇನ್ ಎಂದು ಐದು ಬೆರಳಿಗೆ ಐದು ಹೆಸರು ಹೇಳುತ್ತಾರೆ. ಇರಾನಿನ ಶಿಯಾಗಳಿಗೆ ಅದು ಹುಸೇನರ ತಮ್ಮ ಅಬ್ಬಾಸನ ಕೈ ಕೂಡ. 680ರಲ್ಲಿ, ಹುಸೇನರು ಮಡಿದ ಕರ್ಬಲಾ ಯುದ್ಧದಲ್ಲಿ, ಬಾಯಾರಿದ ಮಕ್ಕಳಿಗೆ ಯೂಫ್ರೆಟಿಸ್ ನದಿಯಿಂದ ನೀರು ತರಹೋದ ಅಬ್ಬಾಸನ ಕೈಗಳನ್ನು ಶತ್ರುಗಳು ಕಡಿದರಂತೆ. ಇರಾನಿನಲ್ಲಿ ಆ ಕೈ ಕಂಡವರು ಎದೆ ಬಡಿದುಕೊಂಡು ಅಳುತ್ತಾರೆ. ಮೊರಾಕೊ, ಟುನೀಷಿಯಾಗಳಲ್ಲಿ ಫಾತಿಮಾಳ ಕೈ ಬಾಗಿಲ ಮೇಲೆ ಕೂತು ಕೆಟ್ಟ ದೃಷ್ಟಿಯಿಂದ ಕಾಯುತ್ತದೆ. ಯಹೂದಿಯರು ಅದನ್ನೇ ಮಿರಿಯಮ್ಮಳ ಕೈ ಎಂದು ಮನೆಗೆ ತರುತ್ತಾರೆ. ಅಲ್ಜೀರಿಯಾದ ರಾಷ್ಟ್ರಲಾಂಛನದಲ್ಲೂ ಅದು ಇದೆ. ಪಂಜಾ ಕೂರಿಸಿ ಹರಕೆ ಹೊರುವುದು ಧರ್ಮಕ್ಕೆ ಒಪ್ಪದು ಎನ್ನುವ ಮುಸ್ಲಿಮರೂ ಇದ್ದಾರೆ. ಅವರ ಮಾತಿಗೆ ಅವರ ಶ್ರದ್ಧೆಯ ಆಧಾರವಿದೆ.

ನಮ್ಮ ಕಡೆ ಅದು ದೇವರಾಗಿಯೇ ಬೆಳೆಯಿತು. 16ನೇ ಶತಮಾನದ ಆರಂಭದಲ್ಲಿ ವಿಜಯಪುರದ ಯೂಸುಫ್ ಆದಿಲ್ ಶಾಹ ಶಿಯಾ ಪಂಥವನ್ನು ರಾಜ್ಯದ ಮತವೆಂದು ಸಾರಿದ. ಆಮೇಲೆ ಸುಲ್ತಾನರ ಮತ ಬದಲಾಯಿತು, ರಾಜ್ಯವೇ ಹೋಯಿತು; ಪಂಜಾ ಮಾತ್ರ ಹಳ್ಳಿಗಳಲ್ಲಿ ಉಳಿದುಕೊಂಡಿತು. ಸವದತ್ತಿ ತಾಲ್ಲೂಕಿನ ಹಿರೇಬಿದನೂರಿನಲ್ಲಿ ಮುಸ್ಲಿಮರ ಮನೆಯೇ ಇಲ್ಲ, ಮೊಹರಂ ಇದೆ. ಇದನ್ನು ಭಾವೈಕ್ಯ ಎಂದು ಕರೆದು ಸುಮ್ಮನಾಗಲು ನನಗೆ ಮನಸ್ಸಿಲ್ಲ. ಆ ಅಜ್ಜಿ ಐಕ್ಯ ಸಾಧಿಸಲು ಬಂದವರಲ್ಲ, ಕೂಸಿನ ಜ್ವರಕ್ಕೆ ಬಂದವರು. ಅವರ ನಂಬಿಕೆಯಲ್ಲಿ ಆ ಕೈ ಪರರದ್ದಾಗಿ ಎಂದೂ ಇರಲಿಲ್ಲ.

ರಾತ್ರಿ ಹೆಜ್ಜೆ ಮೇಳ ಕಟ್ಟಿತು. ಕಾಲಿಗೆ ಗೆಜ್ಜೆ, ಕೈಯಲ್ಲಿ ಬಣ್ಣದ ವಸ್ತ್ರ, ಹಲಗೆಯ ಪೆಟ್ಟು. ಹಸನರ ಮಗ ಕಾಸಿಮ ಎಳೆಯ ವಯಸ್ಸಿನಲ್ಲೇ ಕರ್ಬಲಾದ ರಣಕ್ಕೆ ಹೋದ ಕತೆಯನ್ನು ಅಚ್ಚ ಕನ್ನಡದಲ್ಲಿ ಹಾಡುತ್ತಿದ್ದರು. ಕೇಳುತ್ತಿದ್ದಂತೆ ನನಗೆ ‘ಗದಾಯುದ್ಧ’ ನೆನಪಾಯಿತು. ರನ್ನನ ದುರ್ಯೋಧನ ಹೆಣಗಳ ನಡುವೆ ನಡೆಯುತ್ತಾನೆ. ದುಶ್ಶಾಸನನಿಗೆ, ಕರ್ಣನಿಗೆ ಅಳುತ್ತಾನೆ. ಶತ್ರುವಿನ ಮಗ ಅಭಿಮನ್ಯುವಿನ ಹೆಣದ ಮುಂದೆಯೂ ನಿಂತು ಕೈಮುಗಿಯುತ್ತಾನೆ. ಕಾವ್ಯ ಬರೆದ ಜೈನ ಕವಿಗೆ ಆ ಯುದ್ಧ ತನ್ನ ಮತದ ಪುರಾಣವೇ ಆಗಬೇಕಿರಲಿಲ್ಲ. ಕರ್ಬಲಾ ಹಾಡುವವರಿಗೂ ಹಾಗೆಯೇ. ಸತ್ತ ಹುಡುಗನಿಗೆ ಅಳಲು ಅವನ ಕುಲ ಕೇಳದ ಮಣ್ಣು ಇದು, ಅದಕ್ಕೇ ಪಂಜಾ ಇಲ್ಲಿ ಬೇರು ಬಿಟ್ಟಿತು ಎಂದು ನಾನು ನಂಬುತ್ತೇನೆ.

ಮೇಳದ ಹಿರಿಯರಿಗೆ ಪದಗಳೆಲ್ಲ ಬಾಯಿಪಾಠ. ಬರೆದಿಟ್ಟ ವಹಿ ಇಲ್ಲ. ಕವಿಯ ಹೆಸರಿನ ‘ರನ್ನ ವೈಭವ’ ಉತ್ಸವದ ವೇದಿಕೆಯಲ್ಲಿ ದುರ್ಯೋಧನನ ವಿಲಾಪ ಮುಗಿದೊಡನೆ ಇಂಥವರಿಂದ ಕಾಸಿಮನ ಪದ ಹಾಡಿಸಬೇಕು. ಅದಕ್ಕಿಂತ ಮೊದಲು ಯಾರಾದರೂ ಅವರೆದುರು ಕೂತು ಬರೆದುಕೊಳ್ಳಬೇಕು.