20 ಡಾಲರಿನ ಟಿಕೆಟ್ಟು ಮತ್ತು ಅಚೌರ್ಯವ್ರತದ ಅತಿಚಾರಗಳು

ವ್ಯಾಪಾರಿಯ ಶೀಲವನ್ನು ಅರಿಯಬೇಕಾದರೆ ಅವನ ಮಾತನ್ನು ಕೇಳುವುದಕ್ಕಿಂತ ಅವನ ಬಿಲ್ಲನ್ನು ಓದುವುದು ಲೇಸು. 2023ರ ಮಾರ್ಚ್ ತಿಂಗಳಲ್ಲಿ ಅಮೆರಿಕದ ಸಂಗೀತಾಭಿಮಾನಿಯೊಬ್ಬರ ಕೈಸೇರಿದ ಬಿಲ್ಲೊಂದು ಹೀಗಿತ್ತು: 20 ಡಾಲರಿನ 4 ಟಿಕೆಟ್ಟುಗಳಿಗೆ 80 ಡಾಲರ್, ಸೇವಾಶುಲ್ಕವೆಂದು ಟಿಕೆಟ್ಟಿಗೆ 11.65ರಂತೆ 46.60, ಸಭಾಂಗಣದ ಶುಲ್ಕವೆಂದು ತಲಾ 10ರಂತೆ 40, ಬೇಡಿಕೆಯನ್ನು ದಾಖಲಿಸಿಕೊಂಡ ಬಾಬ್ತು 5.50. ಒಟ್ಟು 172.10 ಡಾಲರ್. ಸರಕಿನ ಬೆಲೆ 80. ಸರಕನ್ನು ಕೈಗೆ ಕೊಟ್ಟ ಕೂಲಿ 92.10. ಜಮಾಖರ್ಚು ಬಲ್ಲ ಯಾವ ವರ್ತಕನಿಗಾದರೂ ಈ ಬಿಲ್ಲು ಒಂದು ಕ್ಷಣ ದಿಗ್ಭ್ರಮೆಯನ್ನುಂಟುಮಾಡದೆ ಇರದು.

ಆ ಟಿಕೆಟ್ಟುಗಳು 'ದಿ ಕ್ಯೂರ್' ಎಂಬ ಇಂಗ್ಲಿಷ್ ರಾಕ್ ತಂಡದ ಕಛೇರಿಗೆ ಸಂಬಂಧಿಸಿದವು. 1970ರ ದಶಕದ ಕೊನೆಯಲ್ಲಿ ಸಸೆಕ್ಸ್ ಪ್ರಾಂತ್ಯದ ಕ್ರಾಲಿ ಎಂಬ ಊರಿನ ಹುಡುಗರು ಕಟ್ಟಿದ ತಂಡವದು. ಅದರ ಮೊದಲ ಧ್ವನಿಮುದ್ರಿಕೆ 1978ರಲ್ಲಿ ಒಂದು ಸಣ್ಣ ಸ್ವತಂತ್ರ ಸಂಸ್ಥೆಯಿಂದ ಹೊರಬಂದಿತು. ದೊಡ್ಡ ಕಂಪನಿಗಳ ಹಂಗಿಲ್ಲದೆ ಇಂತಹ ಸಣ್ಣ ಸಂಸ್ಥೆಗಳ ಆಶ್ರಯದಲ್ಲಿ ಬೆಳೆದ ಸಂಗೀತಕ್ಕೆ ಮುಂದೆ 'ಇಂಡೀ ರಾಕ್' ಎಂಬ ಹೆಸರು ರೂಢವಾಯಿತು. 'ಇಂಡೀ' ಎಂದರೆ ಸ್ವತಂತ್ರ. 2023ರಲ್ಲಿ ಈ ತಂಡವು ಇನ್ನೂ ಬಿಡುಗಡೆಯಾಗದ ಹೊಸ ಆಲ್ಬಮ್ಮಿನ ಹಾಡುಗಳನ್ನು ಹೊತ್ತುಕೊಂಡು ಉತ್ತರ ಅಮೆರಿಕದ ಪ್ರವಾಸಕ್ಕೆ ಸಿದ್ಧವಾಗಿತ್ತು. ಮೇ 10ರಂದು ನ್ಯೂ ಆರ್ಲಿಯನ್ಸ್‌ನಲ್ಲಿ ಆರಂಭವಾಗಿ ಜುಲೈ ಮೊದಲಲ್ಲಿ ಮಯಾಮಿಯಲ್ಲಿ ಮುಗಿಯಬೇಕಾದ ಆ ಪ್ರವಾಸದಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನಂತಹ ಮಹಾಸಭಾಂಗಣಗಳಿದ್ದವು. ಆ ಆಲ್ಬಮ್ಮು ಹೊರಬಂದದ್ದು 2024ರ ನವೆಂಬರ್ 1ರಂದು, ಅದರ ಹಿಂದಿನ ಆಲ್ಬಮ್ಮಿನ 16 ವರ್ಷಗಳ ತರುವಾಯ.

ಜೈನ ಗೃಹಸ್ಥರ ಪತ್ರಿಕೆಯಲ್ಲಿ ರಾಕ್ ಸಂಗೀತಕ್ಕೇನು ಕೆಲಸವೆಂದು ಹಿರಿಯರು ಕೇಳಬಹುದು. ಆ ಸಂಗೀತದ ರುಚಿ ಇಲ್ಲಿಯ ವಿಷಯವಲ್ಲ. ಭಗವಾನ್ ಆದಿನಾಥರು ಲೋಕಕ್ಕೆ ಉಪದೇಶಿಸಿದ ಷಟ್ಕರ್ಮಗಳಲ್ಲಿ ವಾಣಿಜ್ಯವೂ ಒಂದು. ವಾಣಿಜ್ಯವಿರುವೆಡೆಯಲ್ಲೆಲ್ಲ ಅಚೌರ್ಯದ ಪ್ರಶ್ನೆಯೂ ಇರುತ್ತದೆ. ಮಾರುವ ಸರಕು ಅಡಿಕೆಯಾದರೇನು, ಬಟ್ಟೆಯಾದರೇನು, ಒಂದು ರಾತ್ರಿಯ ಹಾಡಾದರೇನು?

ತಂಡದ ನಾಯಕ ರಾಬರ್ಟ್ ಸ್ಮಿತ್ ಅವರು ಟಿಕೆಟ್ಟುಗಳ ಮಾರಾಟಕ್ಕೆ ಮೊದಲೇ ಕೆಲವು ನಿಯಮಗಳನ್ನು ಪ್ರಕಟಿಸಿದ್ದರು. ಸಾಮಾನ್ಯ ಅಭಿಮಾನಿಯೂ ಕೊಳ್ಳಬಲ್ಲಂತೆ ಬೆಲೆಯನ್ನು ತಂಡವೇ ನಿಗದಿಮಾಡಿತು. ಬೇಡಿಕೆ ಏರಿದಂತೆ ಬೆಲೆಯನ್ನು ಏರಿಸುವ ಪದ್ಧತಿಯನ್ನೂ, ಒಳ್ಳೆಯ ಆಸನಗಳನ್ನು 'ಪ್ಲಾಟಿನಮ್' ಎಂದು ಹೆಸರಿಸಿ ಹೆಚ್ಚು ಹಣಕ್ಕೆ ಮಾರುವುದನ್ನೂ ಅದು ನಿರಾಕರಿಸಿತು. ಕೊಂಡ ಟಿಕೆಟ್ಟನ್ನು ಮತ್ತೊಬ್ಬರಿಗೆ ವರ್ಗಾಯಿಸುವಂತಿಲ್ಲ, ಬೇಡವಾದರೆ ಮುಖಬೆಲೆಗೇ ಹಿಂದಿರುಗಿಸಬೇಕು ಎಂದು ಕಟ್ಟುಮಾಡಿತು. ಹೆಚ್ಚು ಪಡೆಯಲು ಅವಕಾಶವಿದ್ದೂ ಇಷ್ಟೇ ಸಾಕೆಂದು ಮೊದಲೇ ಗೆರೆ ಎಳೆದುಕೊಳ್ಳುವುದನ್ನು ಶ್ರಾವಕಾಚಾರವು ಪರಿಮಾಣವ್ರತವೆಂದು ಕರೆಯುತ್ತದೆ. ಆ ಹೆಸರನ್ನು ಕೇಳಿರದ ಗಾಯಕನೊಬ್ಬನು ಆ ಗೆರೆಯನ್ನು ಎಳೆದನು.

ಆದರೂ ಮೇಲಿನ ಬಿಲ್ಲು ಹುಟ್ಟಿತು. ವಿಚಾರ ಮಾಡಬೇಕಾದುದು ಇದನ್ನೇ.

ವ್ರತವು ಎರಡು ರೀತಿಯಲ್ಲಿ ಕೆಡುತ್ತದೆಂದು ಆಚಾರ್ಯರು ತಿಳಿಸಿದ್ದಾರೆ. ಬೇಲಿಯನ್ನು ಕಿತ್ತೊಗೆಯುವುದು ಅನಾಚಾರ. ಬೇಲಿಯನ್ನು ಹಾಗೆಯೇ ಉಳಿಸಿ ಅದರ ಸಂದಿಯಿಂದ ಸೋರಲು ಬಿಡುವುದು ಅತಿಚಾರ. ಕಳ್ಳತನ ಮಾಡೆನೆಂದು ವ್ರತ ತೊಟ್ಟವನು ಕನ್ನ ಕೊರೆಯುವುದಿಲ್ಲ. ಆದರೆ ತಕ್ಕಡಿಯ ಬಳಿ ಅವನ ಬೆರಳು ಒಂದಿಷ್ಟು ಅಲುಗಬಹುದು. ಆದುದರಿಂದಲೇ ಆಚಾರ್ಯ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಒಂದೊಂದು ಅಣುವ್ರತಕ್ಕೂ ಐದೈದು ಅತಿಚಾರಗಳನ್ನು ಎಣಿಸಿಟ್ಟರು. ಅಚೌರ್ಯದ ಅತಿಚಾರಗಳನ್ನು ಕಂಡವರಿಗೆ ಅವು ಸಂತೆಯನ್ನು ಹತ್ತಿರದಿಂದ ಬಲ್ಲವರ ಮಾತೆಂದು ತೋರದೆ ಇರದು. ಟಿಕೆಟ್ಟಿನ ಸಂತೆಯಲ್ಲಿ ಅವೈದೂ ಒಂದೊಂದಾಗಿ ಕಾಣಸಿಗುತ್ತವೆ.

ತೂಕ ಅಳತೆಗಳಲ್ಲಿ ಹೆಚ್ಚುಕಡಿಮೆ ಮಾಡುವ ಹೀನಾಧಿಕ ಮಾನೋನ್ಮಾನವು ಆ ಬಿಲ್ಲಿನಲ್ಲಿಯೇ ಇದೆ. ಹೊರಗೆ 20 ಎಂದು ಬರೆದು ಒಳಗೆ 43 ಡಾಲರ್ ಪಡೆಯುವ ಅಂಗಡಿಯ ತಕ್ಕಡಿ ನೆಟ್ಟಗಿಲ್ಲ. ಸೇವಾಶುಲ್ಕದ ಒಂದು ಪಾಲು ಸಭಾಂಗಣದವರಿಗೂ ಸಲ್ಲುತ್ತದೆಂಬುದು ನಿಜ. ದುಡಿಮೆಗೆ ಕೂಲಿ ಬೇಕೆಂಬುದೂ ನಿಜ. ದೋಷವಿರುವುದು ಕೂಲಿಯಲ್ಲಲ್ಲ, ಅದನ್ನು ಕೊನೆಯ ಗಳಿಗೆಯವರೆಗೆ ಮರೆಮಾಡಿದ್ದರಲ್ಲಿ. ಕೊಳ್ಳುವವನು ಸರದಿಯಲ್ಲಿ ಗಂಟೆಗಟ್ಟಲೆ ಕಾದು, ಆಸನವನ್ನು ಆರಿಸಿ, ಮನಸ್ಸನ್ನು ಕೊಟ್ಟ ಮೇಲೆ ನಿಜವಾದ ಬೆಲೆ ತಿಳಿದರೆ ಅವನ ಒಪ್ಪಿಗೆಗೆ ಬೆಲೆಯೆಲ್ಲಿ? ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಈ ದೋಷವನ್ನು ಗುರುತಿಸಿ, ಕಾರ್ಯಕ್ರಮದ ಟಿಕೆಟ್ಟುಗಳ ಪೂರ್ತಿ ಬೆಲೆಯನ್ನು ಮೊದಲಲ್ಲೇ ತೋರಿಸಬೇಕೆಂಬ ನಿಯಮವನ್ನು 2025ರ ಮೇ 12ರಿಂದ ಜಾರಿಗೆ ತಂದಿತು.

ರಾಜ್ಯದ ಕಟ್ಟಳೆಯನ್ನು ಮೀರುವ ವಿರುದ್ಧರಾಜ್ಯಾತಿಕ್ರಮವು ಎರಡನೆಯದು. ಮಾರಾಟ ತೆರೆದ ಕ್ಷಣದಲ್ಲೇ ಸಾವಿರಾರು ಟಿಕೆಟ್ಟುಗಳನ್ನು ಕಂಪ್ಯೂಟರ್ ಯಂತ್ರಗಳ ಮೂಲಕ ಬಾಚಿಕೊಳ್ಳುವುದನ್ನು ಅಮೆರಿಕವು 2016ರಲ್ಲಿಯೇ ಕಾನೂನಿನಿಂದ ನಿಷೇಧಿಸಿತು. ಬಾಚುವವರು ಮಾತ್ರ ಇಲ್ಲವಾಗಲಿಲ್ಲ. ಮೂರನೆಯದು ಅಸಲಿನ ಜಾಗದಲ್ಲಿ ನಕಲನ್ನಿಡುವ ಪ್ರತಿರೂಪಕ ವ್ಯವಹಾರ. ಟಿಕೆಟ್ಟನ್ನು ವರ್ಗಾಯಿಸಲಾಗದೆಂದು ತಿಳಿದೊಡನೆ ಕಾಳಸಂತೆಯವರು ಟಿಕೆಟ್ಟಿನ ಬದಲು, ಅದನ್ನು ಕೊಂಡ ಖಾತೆಯನ್ನೇ ಗುಪ್ತಪದದೊಡನೆ ಮಾರತೊಡಗಿದರು. ಒಬ್ಬನು ಮತ್ತೊಬ್ಬನ ಹೆಸರನ್ನು ಹೊತ್ತು ಬಾಗಿಲನ್ನು ದಾಟುವ ಉಪಾಯವದು.

ನಾಲ್ಕನೆಯದು ಕಳ್ಳನಿಗೆ ಅನುಕೂಲ ಮಾಡಿಕೊಡುವ ಸ್ತೇನಪ್ರಯೋಗ. ಟಿಕೆಟ್ಟು ಮಾರುವ ಟಿಕೆಟ್‌ಮಾಸ್ಟರ್ ಸಂಸ್ಥೆಯು 2010ರಲ್ಲಿ ಕಛೇರಿಗಳನ್ನು ಏರ್ಪಡಿಸುವ ಲೈವ್ ನೇಷನ್ನಿನೊಡನೆ ಒಂದಾಯಿತು. ದಲ್ಲಾಳಿಗಳು ಮಿತಿ ಮೀರಿ ಟಿಕೆಟ್ಟು ಕೊಳ್ಳುವುದನ್ನು ಕಂಡೂ ಕಾಣದಂತಿದ್ದು, ಅವುಗಳ ಮರುಮಾರಾಟದಿಂದ ಇನ್ನೊಮ್ಮೆ ಶುಲ್ಕ ಪಡೆಯಿತೆಂದು ಅದೇ ಕಮಿಷನ್ 2025ರ ಸೆಪ್ಟೆಂಬರ್‌ನಲ್ಲಿ ದಾವೆ ಹೂಡಿತು. ಇದು ಆರೋಪ, ಸಂಸ್ಥೆ ಇದನ್ನು ಒಪ್ಪಿಲ್ಲ. ಆದರೆ ಒಂದೇ ಸರಕು ಎರಡು ಸಲ ಮಾರಾಟವಾದಾಗ ಎರಡು ಸಲವೂ ಲಾಭವಿರುವ ಕಾವಲುಗಾರನ ಕಣ್ಣಿಗೆ ನಿದ್ರೆ ಬೇಗ ಬರುತ್ತದೆಂಬುದಕ್ಕೆ ದಾವೆಯ ತೀರ್ಪು ಬೇಕಿಲ್ಲ. ಐದನೆಯದು ತದಾಹೃತಾದಾನ, ಅಂದರೆ ಅನ್ಯಾಯದಿಂದ ತಂದ ಸರಕನ್ನು ಕೊಳ್ಳುವುದು. ಇದು ಮಾರುವವನ ದೋಷವಲ್ಲ, ಕೊಳ್ಳುವವನದು. ಕಾಳಸಂತೆಯಲ್ಲಿ ಹತ್ತುಪಟ್ಟು ಹಣ ತೆತ್ತು 'ಏನು ಮಾಡುವುದು, ಹಾಡು ಕೇಳಲೇಬೇಕಿತ್ತು' ಎನ್ನುವವನೂ ಈ ಐದನೆಯ ಸಾಲಿನಲ್ಲಿ ನಿಲ್ಲುತ್ತಾನೆ.

ಸ್ಮಿತ್ ಅವರ ನಡತೆಯಲ್ಲಿ ಮೆಚ್ಚಬೇಕಾದದ್ದು ಕಡಮೆ ಬೆಲೆಯನ್ನು ನಿಗದಿಮಾಡಿದ್ದಕ್ಕಿಂತಲೂ ಅನಂತರ ನಡೆದದ್ದು. ಶುಲ್ಕಗಳಿಗೂ ತಮಗೂ ಸಂಬಂಧವಿಲ್ಲವೆಂದು ಅವರು ಕೈತೊಳೆದುಕೊಳ್ಳಬಹುದಿತ್ತು. ಹಾಗೆ ಮಾಡದೆ, ಬಿಲ್ಲುಗಳನ್ನು ಕಂಡು ತಮಗೂ ಹೇಸಿಗೆಯಾಗಿದೆಯೆಂದು ಬಹಿರಂಗವಾಗಿ ನುಡಿದು, ಸಂಸ್ಥೆಯನ್ನು ಲೆಕ್ಕ ಕೇಳಿದರು. ಮರುದಿನವೇ ಸಂಸ್ಥೆಯು ಶುಲ್ಕ ಅತಿಯಾಯಿತೆಂದು ಒಪ್ಪಿ, ನೋಂದಾಯಿತ ಅಭಿಮಾನಿಗಳಿಗೆ ಅತಿ ಕಡಮೆ ಬೆಲೆಯ ಟಿಕೆಟ್ಟಿಗೆ 10 ಡಾಲರನ್ನೂ ಉಳಿದವಕ್ಕೆ 5 ಡಾಲರನ್ನೂ ಹಿಂದಿರುಗಿಸಿತು. ಕೆಲದಿನಗಳಲ್ಲಿ ಸುಳ್ಳು ಖಾತೆಗಳಿಂದಲೂ ಕಾಳಸಂತೆಯಿಂದಲೂ ಹಿಡಿದ ಸುಮಾರು 7,000 ಟಿಕೆಟ್ಟುಗಳನ್ನು ರದ್ದುಮಾಡಲಾಯಿತೆಂದು ಸ್ಮಿತ್ ತಿಳಿಸಿದರು. ಗೆಲುವು ಪೂರ್ಣವಾಗಿರಲಿಲ್ಲ. ನ್ಯೂಯಾರ್ಕ್, ಇಲಿನಾಯ್, ಕೊಲರಾಡೊ ರಾಜ್ಯಗಳ ಕಾನೂನು ಟಿಕೆಟ್ಟಿನ ವರ್ಗಾವಣೆಯನ್ನು ತಡೆಯಗೊಡದು. ಕೊಂಡವನ ಹಕ್ಕನ್ನು ಕಾಯಲು ಮಾಡಿದ ಕಟ್ಟಳೆಯ ನೆರಳಲ್ಲೇ ಅಲ್ಲಿ ದಲ್ಲಾಳಿಯೂ ನಿಂತುಕೊಂಡನು. ಹಿಂದೆಯೂ ಒಂದು ಪ್ರಯತ್ನ ಸೋತಿತ್ತು. ಸಿಯಾಟಲ್ಲಿನ ಪರ್ಲ್ ಜ್ಯಾಮ್ ತಂಡವು ಟಿಕೆಟ್ಟಿನ ಬೆಲೆ 20 ಡಾಲರನ್ನು ಮೀರಬಾರದೆಂದು 1994ರಲ್ಲಿ ಇದೇ ಟಿಕೆಟ್‌ಮಾಸ್ಟರ್ ಮೇಲೆ ಅಮೆರಿಕದ ನ್ಯಾಯ ಇಲಾಖೆಗೆ ದೂರಿತ್ತು. ಇಲಾಖೆಯು 1995ರಲ್ಲಿ ವಿಚಾರಣೆಯನ್ನು ಮುಗಿಸಿ ಕೈಬಿಟ್ಟಿತು. ಅದೇ ಇಲಾಖೆಯೇ 2024ರ ಮೇ ತಿಂಗಳಲ್ಲಿ ಏಕಸ್ವಾಮ್ಯದ ಆರೋಪದ ಮೇಲೆ ಲೈವ್ ನೇಷನ್ ಮತ್ತು ಟಿಕೆಟ್‌ಮಾಸ್ಟರ್ ವಿರುದ್ಧ ನ್ಯಾಯಾಲಯಕ್ಕೆ ಹೋಯಿತು.

ಅರ್ಥಶಾಸ್ತ್ರವನ್ನು ಓದಿದವರು ಇಲ್ಲಿ ಒಂದು ಆಕ್ಷೇಪವನ್ನು ಎತ್ತುವರು. ಅದನ್ನು ಹಗುರಾಗಿ ತಳ್ಳಿಹಾಕಲಾಗದು. ಆಸನಗಳು 20,000, ಬಯಸುವವರು ಎರಡು ಲಕ್ಷ ಇದ್ದಲ್ಲಿ ಕಡಮೆ ಬೆಲೆಯಿಟ್ಟರೆ ನಡುವಣ ಲಾಭವು ದಲ್ಲಾಳಿಗೆ ಹೋಗುತ್ತದೆ. ಅದಕ್ಕಿಂತ ಹಾಡಿದವನೇ ಅದನ್ನು ಪಡೆದರೆ ತಪ್ಪೇನು? ಗೆರೆಯನ್ನೆಳೆದು ಕಾಯದೆ ಬಿಟ್ಟವನಿಗೆ ಈ ಆಕ್ಷೇಪವು ಸರಿಯಾಗಿ ತಗಲುತ್ತದೆ. ಕಾಯದ ಉದಾರತೆಯು ಕಳ್ಳನಿಗೆ ಕೊಟ್ಟ ದಾನ. ಆದರೆ ಬೇಡಿಕೆಯೇ ಬೆಲೆಯನ್ನು ಬರೆಯಲೆಂದು ಬಿಟ್ಟಾಗ ಆಗುವುದೇನೆಂಬುದು 2024ರ ಆಗಸ್ಟ್ 31ರಂದು ಬ್ರಿಟನ್ನಿನಲ್ಲಿ ಕಂಡಿತು. ಮ್ಯಾಂಚೆಸ್ಟರಿನ ಓಯಸಿಸ್ ತಂಡದ ಪುನರ್ಮಿಲನದ ಕಛೇರಿಗಳಿಗೆ ಜನರು ದಿನವಿಡೀ ಕಂಪ್ಯೂಟರಿನ ಮುಂದೆ ಕಾದರು; 150 ಪೌಂಡಿನ ಆಸುಪಾಸಿನಲ್ಲಿದ್ದ ನಿಂತು ನೋಡುವ ಟಿಕೆಟ್ಟು, ಅವರ ಸರದಿ ಬರುವಷ್ಟರಲ್ಲಿ 350 ಪೌಂಡನ್ನು ದಾಟಿತ್ತು. ಅಗ್ಗದವು ಮುಗಿದೊಡನೆ ದುಬಾರಿಯವು ತೆರೆಯುತ್ತವೆಂಬುದನ್ನು ಕಾಯುವವರಿಗೆ ಮೊದಲೇ ಸ್ಪಷ್ಟವಾಗಿ ತಿಳಿಸಿರಲಿಲ್ಲ. ಅಲ್ಲಿ ಹೆಚ್ಚಾದದ್ದು ಬೆಲೆ ಮಾತ್ರವಲ್ಲ. ಕಾದವರ ಮನಸ್ಸಿನ ಕಹಿಯೂ ಹೆಚ್ಚಿತು. ಇತ್ತ ಗೆರೆ ಎಳೆದುಕೊಂಡ ದಿ ಕ್ಯೂರ್ ತಂಡಕ್ಕೆ ನಷ್ಟವೇನೂ ಆಗಲಿಲ್ಲ. ಅದರ ಅಮೆರಿಕದ ಪ್ರವಾಸಗಳಲ್ಲಿ ಅದುವರೆಗೆ ಅತಿ ಹೆಚ್ಚು ಗಳಿಸಿದ್ದು 2023ರ ಪ್ರವಾಸವೇ ಆಯಿತು. ನ್ಯಾಯದ ಲಾಭವು ಲಾಭವೇ ಅಲ್ಲವೆಂಬ ವರ್ತಕರ ಅಳುಕಿಗೆ ಇದಕ್ಕಿಂತ ಬೇರೆ ಉತ್ತರ ಬೇಕಿಲ್ಲ.

ಈ ಸಂತೆ ಭಾರತಕ್ಕೂ ದೂರದ್ದಲ್ಲ. ಕೋಲ್ಡ್‌ಪ್ಲೇ ತಂಡವು 2025ರ ಜನವರಿಯಲ್ಲಿ ನವಿ ಮುಂಬಯಿಯಲ್ಲಿ ನಡೆಸಿದ ಕಛೇರಿಗಳಿಗೆ 2024ರ ಸೆಪ್ಟೆಂಬರ್ 22ರಂದು ಮಾರಾಟ ತೆರೆದಾಗ ಟಿಕೆಟ್ಟಿನ ಬೆಲೆ 2,500 ರೂಪಾಯಿಂದ 35,000 ರೂಪಾಯಿವರೆಗೆ ಇತ್ತು. ಮರುಮಾರಾಟದಲ್ಲಿ ಅದನ್ನು ಲಕ್ಷಗಳಲ್ಲಿ ಕೇಳಿದವರೂ ಇದ್ದರು. ಕೇಳುವವರಿದ್ದುದು ಕೊಡುವವರಿದ್ದುದರಿಂದ. ದಲ್ಲಾಳಿಯ ಪೆಟ್ಟಿಗೆಯಲ್ಲಿ ಸ್ವಂತ ಬಂಡವಾಳ ಅಲ್ಪ. ಹೆಚ್ಚಿನದೆಲ್ಲ ಕೊಳ್ಳುವವನ ತೃಷ್ಣೆ. ಮಕ್ಕಳು ಕಛೇರಿಗೆ ಹೋಗಬೇಕೆಂದಾಗ ಗದರಿಸಿ ಕೂರಿಸುವುದರಿಂದ ವ್ರತ ಬೆಳೆಯದು. 'ಮುಖಬೆಲೆಗೆ ದೊರೆತರೆ ಹೋಗು, ಕಾಳಸಂತೆಯಿಂದ ಮಾತ್ರ ಬೇಡ' ಎಂದು ತಂದೆತಾಯಿಯರು ಹೇಳಿದರೆ ಭೋಗೋಪಭೋಗ ಪರಿಮಾಣವೂ ಅಚೌರ್ಯವೂ ಒಂದೇ ಪಾಠದಲ್ಲಿ ಕಲಿಸಿದಂತಾದೀತು.

ಕಡೆಯದಾಗಿ, ಬಸದಿಗಳ ಆಡಳಿತವನ್ನು ಹೊತ್ತವರಿಗೂ ಆ ಬಿಲ್ಲಿನಲ್ಲಿ ಒಂದು ಪಾಠವಿದೆ. ಧರ್ಮಕಾರ್ಯವು ವ್ಯಾಪಾರವಲ್ಲ, ಆದರೆ ಅಲ್ಲಿಯೂ ಕಾಣಿಕೆಗಳ ಶ್ರೇಣಿಯುಂಟು, ಕಲಶಗಳ ಸವಾಲುಂಟು, ಮುಂದಿನ ಸಾಲು ಹಿಂದಿನ ಸಾಲುಗಳುಂಟು. ಎಲ್ಲರೆದುರು ಕೂಗಿ, ಎಲ್ಲರೆದುರು ಬರೆದು, ಸಂಸ್ಥೆಗೇ ಸಲ್ಲುವ ಸವಾಲಿನಲ್ಲಿ ಮರೆಯೇನಿಲ್ಲ. ಆದರೆ ರಸೀದಿಯಲ್ಲಿ ಒಂದು ಮೊತ್ತ, ಬಾಗಿಲಲ್ಲಿ ಇನ್ನೊಂದು ಮೊತ್ತವಾದರೆ, ಬಡ ಶ್ರಾವಕನಿಗೆ ಮೀಸಲಿಟ್ಟ ಸ್ಥಳವು ಪರಿಚಯದವರ ಪಾಲಾದರೆ, ಅತಿಚಾರವು ಗರ್ಭಗುಡಿಯ ಹೊಸ್ತಿಲಿಗೂ ಬಂದಿತೆಂದೇ ತಿಳಿಯಬೇಕು. ಶ್ರವಣಬೆಳಗೊಳದ ವಿಂಧ್ಯಗಿರಿಯ ಮೇಲೆ ಬಾಹುಬಲಿಸ್ವಾಮಿಯ ಎದುರಿನಲ್ಲಿ ಗುಳ್ಳಕಾಯಜ್ಜಿಯ ಮೂರ್ತಿ ನಿಂತಿದೆ. ಚಾವುಂಡರಾಯನ ಕೊಡಗಟ್ಟಲೆ ಹಾಲು ಸ್ವಾಮಿಯ ಪಾದವನ್ನು ಮುಟ್ಟದೆ ಹೋದಾಗ, ಆಕೆಯ ಗುಳ್ಳಕಾಯಿಯ ಒಂದು ಗುಟುಕು ಹಾಲು ಇಡೀ ಮೂರ್ತಿಯನ್ನು ತೋಯಿಸಿ ಹರಿಯಿತೆಂಬ ಐತಿಹ್ಯವನ್ನು ಮಕ್ಕಳೂ ಬಲ್ಲರು. ಆ ಕಥೆಯಲ್ಲಿ ಸಾಮಾನ್ಯವಾಗಿ ಯಾರೂ ಗಮನಿಸದ ಒಂದು ಸಂಗತಿಯಿದೆ: ಆ ದಿನ ಬೆಟ್ಟದ ಮೇಲೆ ಯಾರೋ ಒಬ್ಬರು ಆ ಮುದುಕಿಗೆ ದಾರಿ ಬಿಟ್ಟಿದ್ದರು.